ವಾಲ್‌ಮನ್ ಮನೆಯ ಮಲ್ಲಿಗೆ

ಬಳ್ಳಾರಿಯ ಗಾಂಧಿನಗರದ ಹಿಂದಿನ ಓಣಿಗಳಲ್ಲಿ ಮೂವತ್ತೆರಡು ವರ್ಷ ಅತಿ ಹೆಚ್ಚು ಬೈಸಿಕೊಂಡವರು ಯಾರು ಎಂದು ಕೇಳಿದರೆ, ಅಲ್ಲಿನ ಹೆಂಗಸರು ಹಿಂದೆ ಮುಂದೆ ನೋಡದೆ ಹುಲುಗಪ್ಪನ ಹೆಸರು ಹೇಳುತ್ತಾರೆ. ಅವನು ಕಳ್ಳನಲ್ಲ, ಕುಡುಕನಲ್ಲ, ಚಾಡಿಕೋರನೂ ಅಲ್ಲ. ಅವನು ವಾಲ್‌ಮನ್. ಓಣಿಯ ಮೂಲೆಯಲ್ಲಿ ನೆಲದ ಮೇಲಿನ ಕಬ್ಬಿಣದ ಮುಚ್ಚಳ ಎತ್ತಿ, ಎದೆಯುದ್ದದ ಕೀಲಿ ಇಳಿಬಿಟ್ಟು, ತಿರುವಿ, ಕುಡಿಯುವ ನೀರು ಬಿಡುವುದು ಅವನ ಕೆಲಸ. ಬಿಟ್ಟಾಗ ಯಾರೂ ಅವನನ್ನು ನೆನೆಯುತ್ತಿರಲಿಲ್ಲ. ಬಂದ್ ಮಾಡಿದಾಗ ಅವನ ಏಳು ತಲೆಮಾರನ್ನೂ ನೆನೆಯುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಗಾದೆಯನ್ನು ಆ ಓಣಿಯಲ್ಲಿ ತುಂಗಭದ್ರೆಗೂ ಹುಲುಗಪ್ಪನಿಗೂ ಹಚ್ಚಿ ಹೇಳುತ್ತಿದ್ದರು.

ನೀರು ಬರದ ದಿನ ಹೇಳಲು ಅವನ ಹತ್ತಿರ ನಾಲ್ಕು ಉತ್ತರಗಳಿದ್ದವು. ಮೋಟರ್ ಸುಟ್ಟೈತಿ. ಪೈಪ್ ಒಡದೈತಿ. ಕರೆಂಟ್ ಇಲ್ಲ. ಈ ಮೂರೂ ನಡೆಯದಿದ್ದರೆ ನಾಲ್ಕನೆಯದು, ನಾಳಿ ನೋಡ್ರಿ. ಹೆಂಗಸರು ಎಷ್ಟು ಗಂಟಲು ಹರಿದುಕೊಂಡರೂ ಐದನೆಯದು ಅವನ ಬಾಯಿಂದ ಬರಲಿಲ್ಲ. ಬೈಸಿಕೊಂಡು ಬೈಸಿಕೊಂಡು ಅವನ ಕಿವಿಗೆ ಒಂದು ಅಭ್ಯಾಸ ಬಿದ್ದಿತ್ತು. ನೀರಿನ ವಿಷಯದಲ್ಲಿ ಹೆಂಗಸರು ಏನು ಹೇಳಿದರೂ ಅದು ಕೇಳಿಸುತ್ತಿರಲಿಲ್ಲ. ಪಾಪ, ಕೇಳಿಸಿದ್ದರೆ ಆ ಕೆಲಸದಲ್ಲಿ ಎಂಟು ದಿನ ಬಾಳುವಂತಿರಲಿಲ್ಲ. ಆದರೆ ಈ ಅಭ್ಯಾಸವೇ ಮುಂದೆ ಅವನ ಅಂಗಳಕ್ಕೆ ಮುಳುವಾಯಿತು.

ನಿವೃತ್ತಿಯಾದ ದಿನ ಅವನು ಕೀಲಿಯನ್ನು ಕಚೇರಿಗೆ ಒಪ್ಪಿಸಿ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಹೆಂಡತಿ ಉಚ್ಚೆಂಗೆಮ್ಮನಿಗೆ ಒಂದು ಮಾತು ಹೇಳಿದ. ಇನ್ನು ಮುಂದೆ ಯಾವ ಜೀವಕ್ಕೂ ತಾನು ನೀರು ಇಲ್ಲ ಅನ್ನುವುದಿಲ್ಲ. ಅವಳು ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಿ ನೋಡಿ, ಮತ್ತೆ ಸೊಪ್ಪು ಸೋಸಿದಳು. ಒಂದು ತಿಂಗಳೊಳಗೆ ಅಂಗಳದಲ್ಲಿ ದೊಡ್ಡ ಸಂಪು ತೋಡಿದ್ದಾಯಿತು, ಅದಕ್ಕೊಂದು ಮೋಟರ್, ಅಂಗಳದ ನಡುವೆ ಹಿತ್ತಾಳೆಯ ನಲ್ಲಿ, ನಲ್ಲಿಗೆ ಹಸಿರು ಪೈಪು. ಇಷ್ಟೆಲ್ಲ ನೀರನ್ನು ಕುಡಿಯಲು ಇಬ್ಬರೇ ಇದ್ದುದರಿಂದ ಹುಲುಗಪ್ಪ ಗಿಡ ಬೆಳೆಸಲು ತೀರ್ಮಾನಿಸಿದ.

ಗಿಡಗಳ ಬಗ್ಗೆ ಅವನಿಗೆ ಗೊತ್ತಿದ್ದುದು ಒಂದೇ ಸಂಗತಿ, ಅದನ್ನು ಅವನು ಕಲಿತದ್ದು ಸಿರುಗುಪ್ಪದಲ್ಲಿ. ಹಿಂದೆ ಒಂದು ಬೇಸಿಗೆಗೆ ಅವನನ್ನು ಅಲ್ಲಿಗೆ ಕೆಲಸಕ್ಕೆ ಹಾಕಿದ್ದರು. ಬಸ್ಸಿನ ಕಿಟಕಿಯಿಂದ ನೋಡುತ್ತಾನೆ, ಕಾಲುವೆ ಕೆಳಗೆ ಕಣ್ಣು ಹಾಯುವಷ್ಟು ದೂರ ಭತ್ತ. ಪೈರು ಮೊಣಕಾಲು ಮಟ್ಟ ನೀರಿನಲ್ಲಿ ನಿಂತು ಗಿಣಿ ಬಣ್ಣಕ್ಕೆ ತಿರುಗಿದೆ. ಬಳ್ಳಾರಿಯ ಬಂಡೆಗಳನ್ನೇ ನೋಡಿ ಬೆಳೆದ ಕಣ್ಣು ಅದು. ನೀರು ಇದ್ದಲ್ಲಿ ಹಸಿರು, ಜಾಸ್ತಿ ನೀರು ಇದ್ದಲ್ಲಿ ಜಾಸ್ತಿ ಹಸಿರು, ಇಷ್ಟೇ ವಿದ್ಯೆ ಎಂದು ಅವನು ಅವತ್ತೇ ಲೆಕ್ಕ ಮುಗಿಸಿದ್ದ. ಭತ್ತಕ್ಕೂ ಬೇರೆ ಗಿಡಕ್ಕೂ ವ್ಯತ್ಯಾಸವಿರಬಹುದು ಎಂದು ಅವನಿಗೆ ಯಾರೂ ಹೇಳಲಿಲ್ಲ, ಹೇಳಿದವರು ಹೆಂಗಸರಾಗಿದ್ದರೆ ಅವನಿಗೆ ಕೇಳಿಸಲಿಲ್ಲ.

ಸಂಗನಕಲ್ಲು ರಸ್ತೆಯಲ್ಲಿ ಹೊನ್ನೂರಸ್ವಾಮಿ ಎಂಬುವವನದೊಂದು ನರ್ಸರಿ ಇದೆ. ಗಿರಾಕಿಗಳು ಅವನನ್ನು ಹೂ ಯಾವ ಬಣ್ಣ, ಬಿಸಿಲು ತಡೆಯುತ್ತದೆಯೇ, ನೆರಳು ಬೇಕೇ ಎಂದೆಲ್ಲ ಕೇಳುತ್ತಾರೆ. ಹುಲುಗಪ್ಪ ಒಂದೇ ಪ್ರಶ್ನೆ ಕೇಳಿದ, ಇದು ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ ಎಂದು. ಕಡಿಮೆ ಕುಡಿಯುತ್ತದೆ ಎಂದರೆ ಮುಖ ಸಿಂಡರಿಸಿ ಪಕ್ಕಕ್ಕೆ ಸರಿಸುತ್ತಿದ್ದ. ಬಹಳ ಕುಡಿಯುತ್ತದೆ ಎಂದರೆ ಎತ್ತಿ ಆಟೋದಲ್ಲಿಡುತ್ತಿದ್ದ. ಹೊನ್ನೂರಸ್ವಾಮಿ ನಲವತ್ತು ವರ್ಷದ ವ್ಯಾಪಾರದಲ್ಲಿ ಬಳ್ಳಾರಿ ಬಿಸಿಲಿನಲ್ಲಿ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಕಂಡ ಮೇಲೆ ಬಿಡುವಷ್ಟು ದಡ್ಡನೂ ಆಗಿರಲಿಲ್ಲ. ಬಾಳೆ, ಕೆಸು, ಅಡಿಕೆ, ಮಲೆನಾಡಿನಲ್ಲೂ ನೆರಳು ಕೇಳುವ ಎರಡು ಬಗೆಯ ಜರಿಗಿಡ, ಕೊನೆಗೆ ಒಂದು ಸೇಬಿನ ಸಸಿಯನ್ನೂ ಕೊಟ್ಟು ಕಳಿಸಿದ. ಹೋಗುವಾಗ ಮನೆಮದ್ದಿಗೆ ಇರಲಿ ಎಂದು ಪುಕ್ಕಟೆಯಾಗಿ ಒಂದು ಲೋಳೆಸರವನ್ನೂ ಇಟ್ಟ.

ಹುಲುಗಪ್ಪ ದಿನಕ್ಕೆ ಮೂರು ಹೊತ್ತು ಪೈಪು ಹಿಡಿದ. ಪ್ರತಿ ಗಿಡದ ಹತ್ತಿರ ನಿಂತು, ಕುಡೀ, ಕುಡೀ, ಯಾರೂ ಬಂದ್ ಮಾಡಂಗಿಲ್ಲ ಎಂದು ಧೈರ್ಯ ಹೇಳುತ್ತಿದ್ದ. ಸೇಬು ಹದಿನೈದು ದಿನಕ್ಕೆ ಹೋಯಿತು. ಅದು ಬಿಡಿ, ಅದು ಬಿಸಿಲಿಗೇ ಹೋಗುತ್ತಿತ್ತು. ಅಡಿಕೆ ಹೋಯಿತು, ಜರಿಗಿಡ ಹೋದವು, ಬಾಳೆಯ ಬುಡ ಕೊಳೆತು ಒಂದು ಮಧ್ಯಾಹ್ನ ತಾನಾಗಿಯೇ ಮಲಗಿತು. ಕಡೆಗೆ ಲೋಳೆಸರವೂ ಕರಗಿ ಗಂಜಿಯಾಯಿತು. ಬಂಡೆಯ ಮೇಲೆ ಎಸೆದರೂ ಬದುಕುವ ಗಿಡ ಅದು! ಲೋಳೆಸರವನ್ನು ಮುಳುಗಿಸಿ ಕೊಂದ ಮನುಷ್ಯ ಬಳ್ಳಾರಿ ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು. ನೀರು ಸಾಲಲಿಲ್ಲವೇನೋ ಎಂದು ಅವನು ಪಕ್ಕದ ಮನೆಯ ಇಮಾಂಬಿಯ ಹತ್ತಿರ ನೊಂದುಕೊಂಡ.

ಇಷ್ಟಾದರೂ ಉಚ್ಚೆಂಗೆಮ್ಮ ತಡೆದುಕೊಂಡಳು. ತಂದವನು ಅವನು, ಕೊಂದವನೂ ಅವನು. ಆದರೆ ಅಂಗಳದ ಮೂಲೆಯಲ್ಲಿ ಒಂದು ದುಂಡುಮಲ್ಲಿಗೆ ಇತ್ತು, ಅದು ಅವನದಲ್ಲ. ಮದುವೆಯಾದ ವರ್ಷ ಅವಳು ತವರೂರಾದ ಮೋಕದಿಂದ ಸೀರೆಯ ಸೆರಗಿನಲ್ಲಿ ಒದ್ದೆ ಮಣ್ಣು ಕಟ್ಟಿಕೊಂಡು ತಂದ ಗಿಡ. ಅಂದಿನಿಂದ ಒಂದು ವರ್ಷವೂ ತಪ್ಪದೆ ಯುಗಾದಿಗೆ ಅರಳಿತ್ತು. ಯುಗಾದಿ ದಿನ ಆ ಹೂ ಮುಡಿಯದೆ ಅವಳು ಬೇವು ಬೆಲ್ಲ ಬಾಯಿಗೆ ಹಾಕಿದವಳಲ್ಲ. ಹುಲುಗಪ್ಪನ ಪೈಪು ಆ ಮೂಲೆಗೂ ತಿರುಗಿದ ಮೇಲೆ ಗಿಡ ಆಳೆತ್ತರ ಬೆಳೆಯಿತು, ಎಲೆಯೋ ಎಲೆ, ಅಂಗೈ ಅಗಲದ ಎಲೆ. ಹೂ ಮಾತ್ರ ಒಂದೂ ಇಲ್ಲ. ಒಂದು ಯುಗಾದಿ ಹೋಯಿತು. ನೀರು ಕಡಿಮೆ ಮಾಡ್ರಿ ಎಂದು ಅವಳು ಹೇಳಿದಳು, ಅವನು ಹೂಂ ಎಂದು ಇನ್ನೊಂದು ಬಕೀಟು ಹಾಕಿದ. ಎರಡನೇ ಯುಗಾದಿಯೂ ಹೋಯಿತು. ಅವಳು ಪೇಟೆಯ ಹೂ ತಂದು ದೇವರಿಗೆ ಏರಿಸಿದಳು, ತಾನು ಮುಡಿಯಲಿಲ್ಲ.

ಮೂರನೇ ವರ್ಷ ಸಂಕ್ರಾಂತಿಯ ಮರುದಿನ ಉಚ್ಚೆಂಗೆಮ್ಮನ ತಮ್ಮ ಮೋಕದಿಂದ ಟ್ರ್ಯಾಕ್ಟರಿನಲ್ಲಿ ಕಡಪ ಕಲ್ಲಿನ ಹನ್ನೆರಡು ಚಪ್ಪಡಿ ಬಂಡೆ ತಂದು, ಕಾಂಪೌಂಡ್ ಗೋಡೆಗೆ ಒರಗಿಸಿ, ಅಕ್ಕನ ಕೈಯ ಚಹಾ ಕುಡಿದು, ಭಾವನ ಮುಖ ನೋಡದೆ ಹೋದ. ಹುಲುಗಪ್ಪ ಬಂಡೆಗಳನ್ನು ಮುಟ್ಟಿ ನೋಡಿ ಇವು ಯಾತಕ್ಕೆ ಎಂದು ಕೇಳಿದ.

"ಈ ಯುಗಾದಿಗೆ ಆ ಗಿಡದಾಗ ಒಂದು ಮೊಳ ಹೂ ಆಗ್ಬೇಕು," ಎಂದಳು ಉಚ್ಚೆಂಗೆಮ್ಮ. "ಹೂವಿನವ್ರ ಮೊಳ ಅಲ್ಲ, ನನ್ನ ಮೊಳ. ಆಗ್ಲಿಲ್ಲ ಅಂದ್ರ ಮಲ್ಲಿಗಿ ಕಿತ್ತು ಇಮಾಂಬಕ್ಕಗ ಕೊಡ್ತೀನಿ, ಅಂಗಳಕ್ಕೆಲ್ಲ ಬಂಡಿ ಹಾಸ್ತೀನಿ. ನೀವು ಪೈಪ್ ಹಿಡ್ಕೊಂಡು ಬಂಡಿಗೆ ನೀರು ಬಿಡ್ರಿ, ಅವು ಸಾಯಂಗಿಲ್ಲ."

ಅವಳು ದನಿ ಏರಿಸಲಿಲ್ಲ, ಅದೇ ಅವನಿಗೆ ದಿಗಿಲಾದದ್ದು. ಏರಿದ ದನಿಗೆ ಅವನ ಕಿವಿ ಮುಚ್ಚಿಕೊಳ್ಳುತ್ತಿತ್ತು, ಇಳಿದ ದನಿ ನೇರ ಒಳಗೆ ಹೋಯಿತು. ಅಂಗಳ ಹೋದರೆ ಪೈಪು ಹೋಯಿತು, ಪೈಪು ಹೋದರೆ ಬೆಳಗಿನಿಂದ ಸಂಜೆಯವರೆಗೆ ಅವನು ಮಾಡುವುದೇನು? ಓಣಿಯ ಕಟ್ಟೆಗೆ ಹೋಗಿ ಕೂರುವಂತಿಲ್ಲ, ಅಲ್ಲಿ ಅವನಿಂದ ನೀರು ಸಿಗದವರೇ ಕೂತಿರುತ್ತಾರೆ. ಬದುಕಿನಲ್ಲಿ ಮೊದಲ ಸಲ ಹುಲುಗಪ್ಪ ತಾನಾಗಿಯೇ ಒಬ್ಬ ಹೆಂಗಸಿನ ಸಲಹೆ ಕೇಳಲು ಪಕ್ಕದ ಮನೆಗೆ ನಡೆದ.

ಇಮಾಂಬೀ ಹುಡುಗಿಯಾಗಿದ್ದಾಗ ಕುರುಗೋಡಿನ ಕಡೆ ಮಲ್ಲಿಗೆ ಹೊಲಗಳಲ್ಲಿ ಕೂಲಿಗೆ ಹೋದವಳು. ಬೀದಿ ನಲ್ಲಿಯ ಕಾಲದಲ್ಲಿ ಓಣಿಯಲ್ಲೆಲ್ಲ ಗಟ್ಟಿ ಬಾಯಿ ಅವಳದೇ. ಹುಲುಗಪ್ಪನನ್ನು ಬೈಯಲು ಕನ್ನಡ ಸಾಲದೆ ತೆಲುಗು, ತೆಲುಗು ಸಾಲದೆ ಉರ್ದು ಬಳಸುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿ, ಎಲೆ ಅಡಿಕೆ ಉಗುಳಿ ಬಂದು, ಮಲ್ಲಿಗೆ ಬುಡದ ಕೆಸರಿನಲ್ಲಿ ಬೆರಳು ಅದ್ದಿ ನೋಡಿದಳು. ಮಲ್ಲಿಗೆಯನ್ನು ಬೆಳೆಸುವುದು ಸುಲಭ, ಹೂ ಬಿಡಿಸಬೇಕಾದರೆ ಉಪವಾಸ ಹಾಕಬೇಕು ಎಂದಳು. ಇವತ್ತಿನಿಂದ ಮಾಘ ಮಾಸದ ಭರತ ಹುಣ್ಣಿಮೆವರೆಗೆ ಒಂದು ಹನಿ ನೀರಿಲ್ಲ. ಎಲೆಯೆಲ್ಲ ಬಾಡಬೇಕು. ಉಳಿದ ಎಲೆಯನ್ನು ಆಡಿಗೆ ಮೇಯಿಸಬೇಕು. ಆಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸಿ, ಬುಡ ಬಿಡಿಸಿ, ಗೊಬ್ಬರ ಹಾಕಿ, ಆಗ ಒಂದು ಕೊಡ ನೀರು. ಅಲ್ಲಿಂದ ನಲವತ್ತೈದನೇ ದಿನ ಯುಗಾದಿ.

ಹುಲುಗಪ್ಪ ಗಿಡಕ್ಕೆ ಅಡ್ಡ ನಿಂತ. ಯಾವ ಜೀವಕ್ಕೂ ಇಲ್ಲ ಅನ್ನುವುದಿಲ್ಲ ಎಂದು ಆಣೆ ಮಾಡಿದವನು, ಹೆಂಡತಿಯ ತವರಿನ ಗಿಡಕ್ಕೇ ನೀರು ಬಂದ್ ಮಾಡಬೇಕೆ? ಅದೂ ಆಡಿಗೆ ತಿನ್ನಿಸಬೇಕೆ? ಎರಡು ದಿನ ಹಲ್ಲು ಕಚ್ಚಿ ಕೂತ. ಮೂರನೇ ದಿನ ಹೆಂಡತಿ ಮಧ್ಯಾಹ್ನ ಮಲಗಿದ ಹೊತ್ತಿಗೆ ಮೆಲ್ಲಗೆ ಪೈಪು ಎತ್ತಿದ. ಇಮಾಂಬೀ ಗೋಡೆಯಾಚೆಯಿಂದ ಕೆಮ್ಮಿದಳು. ಅವತ್ತು ಸಂಜೆ ಉಚ್ಚೆಂಗೆಮ್ಮ ಅಂಗಳದ ನಲ್ಲಿಯ ಹಿಡಿಕೆಯನ್ನೇ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆವತ್ತಿನಿಂದ ಆ ಮನೆಯ ವಾಲ್‌ಮನ್ ಅವಳು. ಹುಲುಗಪ್ಪ ಖಾಲಿ ಬಕೀಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು, ಒಂದೇ ಒಂದು ಚೊಂಬು, ಗಿಡ ತಲೆ ಬಗ್ಗಿಸೈತಿ, ನೋಡಾಕ ಆಗವಲ್ದು ಎಂದು ಗೋಗರೆದ. ಉಚ್ಚೆಂಗೆಮ್ಮ ರೊಟ್ಟಿ ಬಡಿಯುತ್ತಲೇ ಮೋಟರ್ ಸುಟ್ಟಿದೆ ಎಂದಳು. ಮರುದಿನ ಕೇಳಿದರೆ ಪೈಪ್ ಒಡೆದಿದೆ ಎಂದಳು. ಅದರ ಮರುದಿನ ಕರೆಂಟ್ ಇಲ್ಲ, ಅವಳ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ನಾಲ್ಕನೇ ದಿನ ಅವನು ಬಾಯಿ ತೆರೆಯುವ ಮೊದಲೇ ನಾಳಿ ನೋಡ್ರಿ ಎಂದಳು. ಗೋಡೆಯಾಚೆ ಇಮಾಂಬೀ ನಕ್ಕ ಸದ್ದು ಓಣಿಯ ಮೂರು ಮನೆಗೆ ಕೇಳಿಸಿತು.

ಹುಟ್ಟುಗುಣ ಸುಟ್ಟರೂ ಹೋಗದು. ಹುಲುಗಪ್ಪ ಬೆಳಿಗ್ಗೆ ಹಲ್ಲುಜ್ಜಲು ಮಲ್ಲಿಗೆಯ ಬುಡಕ್ಕೇ ಹೋಗತೊಡಗಿದ. ಬಾಯಿ ಮುಕ್ಕಳಿಸುವುದು ಅರ್ಧ ತಾಸು ನಡೆಯುತ್ತಿತ್ತು. ಊಟವಾದ ಮೇಲೆ ಕೈ ತೊಳೆಯಲು ಅಲ್ಲಿಗೇ, ಅದೂ ಊಟಕ್ಕೆ ಮೂರು ಸಲ. ಮೀನು ಮಾಡದ ದಿನವೂ ಕೈ ವಾಸನೆ ಹೋಗಿಲ್ಲ ಅನ್ನುತ್ತಿದ್ದ. ಇದಕ್ಕೆ ಇಮಾಂಬೀ ಮದ್ದು ಕಂಡುಕೊಂಡಳು. ತನ್ನ ಆಡು ಚಾಂದನಿಯನ್ನು ತಂದು ಮಲ್ಲಿಗೆಗೇ ಕಟ್ಟಿದಳು. ಚಾಂದನಿಗೆ ಗಂಡಸರನ್ನು ಕಂಡರೆ ಆಗುತ್ತಿರಲಿಲ್ಲ. ಚೊಂಬು ಹಿಡಿದು ಬಂದ ಹುಲುಗಪ್ಪನನ್ನು ಎರಡು ಸಲ ತೊಡೆಗೆ ಗುದ್ದಿ ಓಡಿಸಿತು. ಅವನು ಪಡಸಾಲೆಯ ಕಿಟಕಿಯಲ್ಲಿ ಕೂತು, ತಾನು ಎರಡೂವರೆ ವರ್ಷ ಎರೆದು ಬೆಳೆಸಿದ ಅಂಗೈ ಅಗಲದ ಎಲೆಗಳು ಆಡಿನ ಬಾಯಿಗೆ ಹೋಗುವುದನ್ನು ಒಂದೊಂದಾಗಿ ನೋಡಿದ. ಕಣ್ಣಲ್ಲಿ ನೀರು ಬಂತು. ಅದನ್ನೂ ಗಿಡಕ್ಕೆ ಹಾಕುವಂತಿರಲಿಲ್ಲ.

ಭರತ ಹುಣ್ಣಿಮೆಯ ಮುನ್ನಾದಿನ ಇಮಾಂಬೀ ಕತ್ತರಿ ತಂದು ಗಿಡವನ್ನು ಮೊಣಕಾಲೆತ್ತರಕ್ಕೆ ಇಳಿಸಿದಳು. ಉಳಿದದ್ದು ಒಂದು ಹಿಡಿ ಬರಲು, ಬರೀ ಒಣ ಕಡ್ಡಿ. ಪೊರಕೆಯ ಕಡ್ಡಿಗಾದರೂ ಇದಕ್ಕಿಂತ ಜೀವ ಇರುತ್ತದೆ ಎಂದು ಹುಲುಗಪ್ಪನಿಗೆ ಅನ್ನಿಸಿತು. ಗೋಡೆಗೆ ಒರಗಿದ ಬಂಡೆಗಳನ್ನು ನೋಡಿದ, ಹನ್ನೆರಡೂ ಇದ್ದವು.

ಮರುದಿನ ಬೆಳಿಗ್ಗೆ ಬುಡ ಬಿಡಿಸಿ, ಗೊಬ್ಬರ ಹಾಕಿ, ಮೇಲೆ ಶೇಂಗಾ ಹೊಟ್ಟು ಹರಡಿದರು. ಉಚ್ಚೆಂಗೆಮ್ಮ ಸೊಂಟದಿಂದ ಹಿಡಿಕೆ ತೆಗೆದು ನಲ್ಲಿಗೆ ಹಾಕಿ, ಒಂದು ಕೊಡ ತುಂಬಿಸಿ, ನೀವೇ ಹಾಕ್ರಿ ಎಂದಳು. ಹುಲುಗಪ್ಪ ಕೊಡ ಬಗ್ಗಿಸಿದ. ಒಣ ಮಣ್ಣು ಜುಳುಜುಳು ಸದ್ದು ಮಾಡುತ್ತ ಕುಡಿಯಿತು. ಆ ಸದ್ದು ಕೇಳುತ್ತ ಅವನ ತಲೆಯಲ್ಲಿ ಬಹಳ ದಿನದಿಂದ ಇದ್ದ ಅನುಮಾನ ಹೊರಗೆ ಬಂತು. ಮೊದಲಿನ ವರ್ಷಗಳಲ್ಲಿ ಈ ಗಿಡಕ್ಕೆ ಯಾರೂ ಉಪವಾಸ ಹಾಕಿರಲಿಲ್ಲವಲ್ಲ, ಆಗ ಹೇಗೆ ವರ್ಷಾ ವರ್ಷಾ ಅರಳುತ್ತಿತ್ತು? ತಾನು ನೌಕರಿಯಲ್ಲಿದ್ದಾಗ ಮನೆಯಲ್ಲಿ ನೀರಿಗೇನು ಬರ ಇರಲಿಲ್ಲವಲ್ಲ ಎಂದ.

ಉಚ್ಚೆಂಗೆಮ್ಮ ಕೈಗೆ ಹತ್ತಿದ ಗೊಬ್ಬರ ತಿಕ್ಕಿ ತೊಳೆದಳು.

"ನೀವೇ ಹೇಳಿದ್ರಿ," ಎಂದಳು. "ಮದುವಿ ಆಗಿ ತಿಂಗಳಾಗಿತ್ತು. ವಾಲ್‌ಮನ್ ಹೇಣ್ತಿ ಬೀದಿ ನಲ್ಲಿಗೆ ಎಲ್ಲಾರಿಗಿಂತ ಮುಂದ ನಿಂತ್ರ ಜನ ಮಾತಾಡ್ತಾರ, ನೀ ಪಾಳಿ ಕಡೀಗೆ ನಿಂದ್ರು ಅಂದ್ರಿ. ನಿಂತೆ. ನನ್ನ ಪಾಳಿ ಬರೋ ಹೊತ್ತಿಗೆ ನೀವು ಬಂದ್ ಮಾಡ್ತಿದ್ರಿ. ಅರ್ಧ ಕೊಡ ಸಿಕ್ರ ಪುಣ್ಯ. ಅಕ್ಕಿ ತೊಳದ ನೀರು ಉಳಿದ್ರ ಗಿಡಕ್ಕ, ಇಲ್ಲಂದ್ರ ಇಲ್ಲ."

ಹುಲುಗಪ್ಪನಿಗೆ ಅದು ನೆನಪೇ ಇರಲಿಲ್ಲ. ಈಗ ನೆನಪಾಯಿತು. ಹೇಳಿದ್ದೂ ನೆನಪಾಯಿತು, ಹೇಳಿ ದೊಡ್ಡ ನ್ಯಾಯವಂತನೆಂದು ಬೀಗಿದ್ದೂ ನೆನಪಾಯಿತು. ಮೂವತ್ತೆರಡು ವರ್ಷ ಮೂಲೆಯಲ್ಲಿ ಬಗ್ಗಿ ಕೀಲಿ ತಿರುವಿದವನು ಪಾಳಿಯ ಕೊನೆಯಲ್ಲಿ ಯಾರು ನಿಂತಿದ್ದಾರೆಂದು ತಲೆಯೆತ್ತಿ ನೋಡಿರಲಿಲ್ಲ. ನೋಡಿದರೆ ಬೈಗುಳ ಕೇಳಿಸುತ್ತಿತ್ತಲ್ಲ, ಅದಕ್ಕೆ. ಎಲ್ಲರೂ ಬೈದರು, ಕೊನೆಯಲ್ಲಿ ನಿಂತವಳು ಒಬ್ಬಳೇ ಬೈಯಲಿಲ್ಲ. ಅವನಿಗೆ ಬಹಳ ನಾಚಿಕೆಯಾಯಿತು. ಏನಾದರೂ ಹೇಳೋಣವೆಂದು ಬಾಯಿ ತೆರೆದ, ಹಳೆಯ ನಾಲ್ಕು ಉತ್ತರಗಳಲ್ಲಿ ಯಾವುದೂ ಹೊಂದಲಿಲ್ಲ. ಖಾಲಿ ಕೊಡವನ್ನು ಒಳಗಿಟ್ಟು ಬಂದ.

ಆಮೇಲೆ ಅವನು ನೀರಿನ ವಿಷಯದಲ್ಲಿ ಹೆಂಗಸರ ಮಾತು ಕೇಳಲು ಕಲಿತ. ಹಿಡಿಕೆ ನಲ್ಲಿಯಲ್ಲೇ ಇದ್ದರೂ, ಇವತ್ತು ಹಾಕ್ಲೇನು, ಎಷ್ಟು ಹಾಕ್ಲಿ ಎಂದು ಕೇಳದೆ ಮುಟ್ಟುತ್ತಿರಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿದಾಗ ಹೆಂಡತಿಯ ಹಳೆ ಸೀರೆ ಬಿಗಿದು ಅಂಗಳಕ್ಕೆ ನೆರಳು ಮಾಡಿದ. ಮತ್ತೆ ಸಂಗನಕಲ್ಲು ರಸ್ತೆಗೆ ಹೋದ. ಅವನನ್ನು ಕಂಡೊಡನೆ ಹೊನ್ನೂರಸ್ವಾಮಿ ಎರಡು ಅಡಿಕೆ ಸಸಿ ಎತ್ತಿ ತಯಾರಾದ. ಈ ಸಲ ಹುಲುಗಪ್ಪ ಕೇಳಿದ್ದು, ಕಡಿಮೆ ಕುಡಿದು ಸುಮ್ಮನೆ ಇರುವ ಗಿಡ ಯಾವುದು ಎಂದು. ಕರಿಬೇವು, ಕನಕಾಂಬರ, ನಿತ್ಯಪುಷ್ಪ, ಒಂದು ಕೆಂಪು ದಾಸವಾಳ, ಇನ್ನೊಂದು ಲೋಳೆಸರ ಆಟೋ ಹತ್ತಿದವು. ಲೋಳೆಸರಕ್ಕೆ ಮಾತ್ರ ಹೊನ್ನೂರಸ್ವಾಮಿ ಈ ಸಲ ದುಡ್ಡು ತೆಗೆದುಕೊಂಡ.

ಮಲ್ಲಿಗೆಯ ಒಣ ಕಡ್ಡಿ ಚಿಗುರಿತು. ಚಿಗುರಿನ ತುದಿಯಲ್ಲಿ ಎಳ್ಳುಕಾಳಿನಷ್ಟು ಮೊಗ್ಗು ಕಂಡ ದಿನ ಹುಲುಗಪ್ಪ ಓಣಿಯ ಕಟ್ಟೆಗೇ ಹೋಗಿ ಕೂತ. ಮೂವತ್ತೆರಡು ವರ್ಷ ನೀರು ಬಂದ್ ಮಾಡಿದ್ದು ನಿಮ್ಮನ್ನೆಲ್ಲ ಅರಳಿಸಲು ಎಂದು ಹೇಳಿ, ಅಲ್ಲಿದ್ದವರ ಕೈಯಲ್ಲಿ ಹೊಸದಾಗಿ ಬೈಸಿಕೊಂಡು ಎದ್ದು ಬಂದ.

ಯುಗಾದಿಯ ಬೆಳಿಗ್ಗೆ ಎಣ್ಣೆ ಸ್ನಾನ ಮುಗಿಸಿ ಉಚ್ಚೆಂಗೆಮ್ಮ ಮಲ್ಲಿಗೆ ಬಿಡಿಸಿದಳು. ಅಂಗಳದ ಕಟ್ಟೆಯ ಮೇಲೆ ಕೂತು ಬಾಳೆನಾರಿನಲ್ಲಿ ಕಟ್ಟತೊಡಗಿದಳು. ಇಮಾಂಬೀ ಹೋಳಿಗೆಗೆಂದು ಬಂದವಳು ಗೋಡೆಗೆ ಒರಗಿ ನಿಂತಳು. ಹುಲುಗಪ್ಪ ಕೂರಲಾರದೆ ನಿಲ್ಲಲಾರದೆ, ಗಿಡದ ಕೆಳಗೆ ಬಗ್ಗಿ ಬಗ್ಗಿ ನೋಡಿ, ಇನ್ನೊಂದು ಮೊಗ್ಗು ಸಿಕ್ಕರೆ ತಂದು ಕೊಡುತ್ತಿದ್ದ. ಹಾಗೆ ಮೂರು ತಂದ. ಆಮೇಲೆ ಸಿಗಲಿಲ್ಲ. ಉಚ್ಚೆಂಗೆಮ್ಮ ನಾರಿಗೆ ಗಂಟು ಹಾಕಿ, ನಡುಬೆರಳ ತುದಿಗೆ ಮಾಲೆಯ ಒಂದು ತುದಿ ಹಿಡಿದು, ಇನ್ನೊಂದನ್ನು ಮೊಣಕೈಯತ್ತ ಎಳೆದಳು. ಎರಡು ಬೆರಳಷ್ಟು ಕಡಿಮೆ ಬಿತ್ತು.

ಹುಲುಗಪ್ಪ ಬಂಡೆಗಳ ಕಡೆ ನೋಡಿದ. ಸೋತೆ ಅನ್ನಿಸಿತು. ಹೂವಿನವರ ಮೊಳವಾಗಿದ್ದರೆ ಎರಡು ಮೊಳವಾಗುತ್ತಿತ್ತು ಎಂದು ವಾದಿಸಬಹುದಿತ್ತು, ವಾದಿಸಲಿಲ್ಲ. ತಾನೇ ಎದ್ದು, ಬುಡ ಅಗೆಯಲು ಮೂಲೆಯಲ್ಲಿದ್ದ ಸಲಿಕೆ ತಂದ.

ಉಚ್ಚೆಂಗೆಮ್ಮ ಮಾಲೆಯನ್ನು ಮತ್ತೊಮ್ಮೆ ಮೊಣಕೈಗೆ ಹಿಡಿದು ನೋಡಿದಳು.

"ಸಲಿಕಿ ಇಡ್ರಿ," ಎಂದಳು. "ಮೂವತ್ತೆರಡು ವರ್ಷ ಕೊಡ ತುಂಬದಿದ್ರೂ ಮನಿಗೆ ಬಂದೀನಿ. ಎರಡು ಬೆರಳು ಕಡಿಮಿ ಆದ್ರ ನನಗೇನು ಹೊಸದಲ್ಲ."

ಮಾಲೆ ತುರುಬಿಗೆ ಹೋಯಿತು. ಇಮಾಂಬೀ ತಲೆಗೆ ಸೆರಗು ಎಳೆದುಕೊಂಡು ಕಣ್ಣು ಒರೆಸಿಕೊಂಡಳು, ಕೇಳಿದರೆ ಒಗ್ಗರಣೆಯ ಹೊಗೆ ಎಂದಳು. ಬಂಡೆಗಳಲ್ಲಿ ಹನ್ನೊಂದನ್ನು ಉಚ್ಚೆಂಗೆಮ್ಮನ ತಮ್ಮ ಮರುದಿನ ಟ್ರ್ಯಾಕ್ಟರಿನಲ್ಲಿ ವಾಪಸ್ ಒಯ್ದ. ಒಂದನ್ನು ಮಾತ್ರ ಹುಲುಗಪ್ಪ ಯುಗಾದಿಯ ದಿನವೇ ಬೇವು ಬೆಲ್ಲ ತಿನ್ನುವ ಮೊದಲೇ ಎತ್ತಲಾರದೆ ಎತ್ತಿ, ಅಂಗಳದ ನಲ್ಲಿಯ ಕೆಳಗೆ ಹಾಸಿದ. ಒಳಗಿನಿಂದ ಹೆಂಡತಿಯ ಕೊಡ ತಂದು ಅದರ ಮೇಲೆ ನೆಟ್ಟಗೆ ಇಟ್ಟು, ನಲ್ಲಿ ತಿರುವಿ ಪಕ್ಕದಲ್ಲೇ ನಿಂತ. ಉಚ್ಚೆಂಗೆಮ್ಮ ಬಂದು ಕೊಡದ ಕಂಠ ಹಿಡಿದಳು. ನೀರು ಕಂಠಕ್ಕೆ ಬಂತು, ಬಾಯಿಗೆ ಬಂತು, ತುಳುಕಿ ಬಂಡೆಯ ಮೇಲೆ ಹರಿಯಿತು. ಅವನು ಇನ್ನೂ ನೋಡುತ್ತಲೇ ಇದ್ದ.

"ತುಂಬೈತಿ, ಬಂದ್ ಮಾಡ್ರಿ," ಎಂದಳು ಅವಳು.

ಕೊಡ ಹಿಡಿದ ಹೆಂಗಸಿನ ಬಾಯಿಂದ ಆ ಮಾತನ್ನು ಹುಲುಗಪ್ಪ ಕೇಳಿದ್ದು ಅದೇ ಮೊದಲು. ನಲ್ಲಿ ಬಂದ್ ಮಾಡಿದ.